ಎಂಟು ಗಂಟೆಯ ಬಾಡು

ದೇವರಾಜನ ಸಂಸಾರ ಮುರಿಯುವ ಮಟ್ಟಕ್ಕೆ ಬಂದದ್ದು ಒಂದು ಪಾತ್ರೆಯಿಂದ. ಅದು ಸಾಮಾನ್ಯ ಪಾತ್ರೆಯಲ್ಲ. ಒಳಗೆ ಪಿಂಗಾಣಿಯ ಮಡಕೆ, ಹೊರಗೆ ತಗಡಿನ ಮೈ, ಮೇಲೊಂದು ಗಾಜಿನ ಮುಚ್ಚಳ, ಹಿಂದೆ ಬಾಲದಂತೆ ಒಂದು ವೈರು. ಒಲೆ ಬೇಡ, ಗ್ಯಾಸು ಬೇಡ, ವೈರನ್ನು ಗೋಡೆಗೆ ಚುಚ್ಚಿ ಎಂಟು ಗಂಟೆ ಸುಮ್ಮನಿದ್ದರೆ ಒಳಗಿದ್ದದ್ದು ತಾನಾಗಿ ಬೇಯುತ್ತದೆ. ಎಂಟು ಗಂಟೆ ಬಿಡದೆ ಕರೆಂಟು ಇರಬೇಕು, ಅಷ್ಟೆ. ಕಷ್ಟವೆಲ್ಲ ಆ ‘ಅಷ್ಟೆ’ಯಲ್ಲಿತ್ತು.

ಪಾತ್ರೆ ಬಂದದ್ದು ಹೆಂಡತಿ ಮೀನಾಕ್ಷಿಯ ಜೊತೆಗೆ, ಮಾದಿಹಳ್ಳಿಯ ತವರಿನಿಂದ. ಅವಳ ಮದುವೆಗೆ ಮುಂಚೆ ಹಳೇಬೀಡಿನ ಗುಡಿಯ ಶಿಲ್ಪಗಳನ್ನು ಅಳೆದು ಬರೆದುಕೊಳ್ಳಲು ಇಟಲಿಯಿಂದ ಬಂದ ಕ್ಲಾರಾ ಎಂಬ ಹೆಂಗಸು ಆರು ತಿಂಗಳು ಅವರ ಮನೆಯ ಮುಂದಿನ ಕೋಣೆಯಲ್ಲಿದ್ದಳು. ಬೆಳಗ್ಗೆ ಕೈಮಾ, ಟೊಮೇಟೊ, ಈರುಳ್ಳಿ, ಬೆಳ್ಳುಳ್ಳಿ ಪಾತ್ರೆಗೆ ಹಾಕಿ ಗುಡಿಗೆ ಹೋದರೆ, ಸಂಜೆ ಬಂದು ಬೇಯಿಸಿದ ಪಾಸ್ತಾದ ಮೇಲೆ ಅದನ್ನು ಸುರಿದು ಮನೆಮಂದಿಗೆಲ್ಲ ಬಡಿಸುತ್ತಿದ್ದಳು. ಆ ವರ್ಷ ಅಣೆಕಟ್ಟುಗಳು ತುಂಬಿದ್ದವು, ಕರೆಂಟೂ ಇತ್ತು. ಹೋಗುವಾಗ ಪಾತ್ರೆಯನ್ನೂ, ಮಾಡುವ ಬಗೆ ಬರೆದ ಚೀಟಿಯನ್ನೂ ಮೀನಾಕ್ಷಿಯ ಕೈಗಿಟ್ಟು ಹೋದಳು. ಮದುವೆಯಾಗಿ ಕಂಬದಹಟ್ಟಿಗೆ ಬಂದ ಮೇಲೆ ಪಾತ್ರೆ ಅಟ್ಟ ಸೇರಿತು. ಹತ್ತು ವರ್ಷದಲ್ಲಿ ಅದರೊಳಗೆ ಹುಣಸೆಹಣ್ಣು ಇತ್ತು, ಒಣಮೆಣಸಿನಕಾಯಿ ಇತ್ತು, ಒಂದು ಸಲ ಇಲಿಯೂ ಇತ್ತು. ಬಾಡು ಮಾತ್ರ ಬೆಂದಿರಲಿಲ್ಲ.

ಬೇರೆಯವರ ಮನೆಯಲ್ಲಾಗಿದ್ದರೆ ಇದು ದೊಡ್ಡ ಮಾತಲ್ಲ. ಆದರೆ ದೇವರಾಜ ಊರಾಚೆಯ ವಿದ್ಯುತ್ ಸ್ಟೇಷನ್ನಿನ ಆಪರೇಟರು. ಯಾವ ಲೈನಿನ ಕರೆಂಟು ಎಷ್ಟು ಹೊತ್ತಿಗೆ ತೆಗೆಯಬೇಕೆಂದು ಮೇಲಿನಿಂದ ಹೇಳುತ್ತಾರೋ ಅಷ್ಟು ಹೊತ್ತಿಗೆ ಸರಿಯಾಗಿ ಸ್ವಿಚ್ಚು ತಿರುಗಿಸುವುದು ಅವನ ಕೆಲಸ. ಹನ್ನೆರಡು ವರ್ಷದ ಸರ್ವಿಸಿನಲ್ಲಿ ಒಂದು ನಿಮಿಷ ಅತ್ತಿತ್ತ ಮಾಡಿದವನಲ್ಲ. ಅವನ ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ವಾಲಗದ ಮೈಕು ಸತ್ತಾಗ, ಎಲ್ಲರೂ ಗಾಬರಿಯಾದರೆ ಇವನು ವಾಚು ನೋಡಿ, “ಹನ್ನೊಂದು. ಸರಿಯಾಗೈತೆ” ಎಂದಿದ್ದ. ಮೀನಾಕ್ಷಿ ಅದನ್ನು ಮರೆತಿರಲಿಲ್ಲ.

“ಊರಿಗೆಲ್ಲ ಕರೆಂಟ್ ಕೊಡೋ ಗಂಡ. ಹೆಂಡ್ತಿಗೆ ಎಂಟ್ ಗಂಟೆ ಕೊಡಕ್ಕಾಗ್ಲಿಲ್ಲ,” ಎಂದು ಅವಳು ಮೊದಮೊದಲು ನಗುತ್ತಾ ಹೇಳುತ್ತಿದ್ದಳು. ಆಮೇಲೆ ನಗದೆ ಹೇಳತೊಡಗಿದಳು. ಕೊನೆಗೆ ಹೇಳುವುದನ್ನೇ ಬಿಟ್ಟು ತವರಿಗೆ ಹೋದಳು. ಕಂಬದಹಟ್ಟಿಯ ಶಾಲೆಯಲ್ಲೇ ಟೀಚರಾದ್ದರಿಂದ ಮೂರು ವಾರದಿಂದ ಮಾದಿಹಳ್ಳಿಯಿಂದ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಶಾಲೆಯ ಗೇಟಿನ ಹತ್ತಿರ ಗಂಡ ನಿಂತಿದ್ದರೆ, ಮಕ್ಕಳ ತಂದೆತಾಯಂದಿರಿಗೆ ಹೇಳುವಂತೆ “ನಮಸ್ಕಾರ” ಎಂದು ಒಳಗೆ ಹೋಗುತ್ತಿದ್ದಳು. ಬುಧವಾರ ಮಾತ್ರ ನಿಂತು, “ಭಾನುವಾರ ನಾಲ್ಕರ ಬಸ್ಸಿಗೆ ಬತ್ತೀನಿ. ನನ್ನ ಬಟ್ಟೆಬರೆ ತಗೊಂಡು ಹೋಗ್ಬೇಕು. ವರ್ಗಾವಣೆಗೆ ಅರ್ಜಿ ಬರ್ದಾಗೈತೆ, ಸೋಮವಾರ ಕೊಡ್ತೀನಿ,” ಎಂದಳು. ದೇವರಾಜನಿಗೆ ಅವಳು ಬೇಕಾಗಿತ್ತು. ಮನೆ ಖಾಲಿ ಹೊಡೆಯುತ್ತಿತ್ತು. ಆದರೆ ಇಂಥದನ್ನು ಬಾಯಿಬಿಟ್ಟು ಹೇಳುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಅವನು ನೇರವಾಗಿ ಸ್ಟೇಷನ್ನಿಗೆ ಹೋಗಿ, ಭಾನುವಾರ ಹಗಲು ಪಾಳಿಯಲ್ಲಿರುವ ತಮ್ಮಯ್ಯನ ಮುಂದೆ ಕುಳಿತ.

“ಭಾನುವಾರ ಎಂಟರಿಂದ ನಾಲ್ಕರವರೆಗೆ ನಮ್ಮೂರ ಲೈನ್ ತೆಗೀಬೇಡ ಕಣೋ. ಮೀನಾಕ್ಷಿ ಪಾತ್ರೇಲಿ ಬಾಡು ಇಡ್ಬೇಕು.”

ತಮ್ಮಯ್ಯ ಬೀಡಿಯನ್ನು ಬಾಯಿಂದ ತೆಗೆದ. “ನೀನಾ ಹೇಳ್ತಿರೋದು?”

“ನಾನೇ.”

“ಇಲ್ಲಿ ಬಿಟ್ರೆ ಇನ್ನೊಂದ್ ಕಡೆ ತೆಗೀಬೇಕಲ್ಲಪ್ಪ. ಮೇಲ್ನೋರು ಸುಮ್ನೆ ಇರ್ತಾರಾ?”

“ಎಲ್ಲಾದ್ರೂ ತೆಗಿ. ಎಲ್ಲಿ ಅಂತ ಮಾತ್ರ ನಂಗೆ ಹೇಳ್ಬೇಡ. ಕೇಳಿದ್ರೆ ತಡ್ಕಳಕ್ಕಾಗಲ್ಲ.”

ತಮ್ಮಯ್ಯ ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿದ. “ಆಗ್ಲಿ. ನಂಗೂ ಒಂದ್ ಬಟ್ಲು ಮಡಗು,” ಎಂದ.

ಭಾನುವಾರ ಬೆಳಗ್ಗೆ ದೇವರಾಜ ಜಾವಗಲ್ಲಿನಿಂದ ಕೈಮಾ ತಂದ. ಅರಸೀಕೆರೆಯ ಅಂಗಡಿಯೊಂದರಲ್ಲಿ ಪಾಸ್ತಾ ಕೇಳಿ ಮೆಕರೋನಿ ತಂದಾಗಿತ್ತು. ಚೀಟಿಯಲ್ಲಿದ್ದಂತೆ ಎಲ್ಲವನ್ನೂ ಹೆಚ್ಚಿ, ಖಾರವಿಲ್ಲ, ಮಸಾಲೆಯಿಲ್ಲ, ತೆಂಗಿನಕಾಯಿಯಿಲ್ಲ ಎಂಬುದನ್ನು ಎರಡು ಸಲ ಓದಿ ಖಾತ್ರಿ ಮಾಡಿಕೊಂಡು, ಪಾತ್ರೆಗೆ ಸುರಿದು ಎಂಟಕ್ಕೆ ಸರಿಯಾಗಿ ವೈರು ಚುಚ್ಚಿದ. ಕೆಂಪು ದೀಪ ಹತ್ತಿತು. ಅವನು ಎದುರಿಗೆ ಸ್ಟೂಲು ಹಾಕಿಕೊಂಡು ಕುಳಿತ, ಹೆರಿಗೆ ಕೋಣೆಯ ಹೊರಗೆ ಕುಳಿತವರ ಹಾಗೆ.

ಹತ್ತು ಗಂಟೆಗೆ ಹೋಗಬೇಕಾದ ಕರೆಂಟು ಹೋಗಲಿಲ್ಲ. ಹತ್ತೂಕಾಲಿಗೆ ಪಕ್ಕದ ಮನೆಯ ಮಹದೇವಮ್ಮ ಬಾಗಿಲಿಗೆ ಬಂದಳು.

“ಏನ್ ದೇವರಾಜಪ್ಪ, ಕರೆಂಟ್ ಹೋಗ್ಲೇ ಇಲ್ವಲ್ಲ?”

“ಇದ್ರೆ ಒಳ್ಳೇದಲ್ವೇನಮ್ಮ?”

“ಏನ್ ಒಳ್ಳೇದು? ಹತ್ತಕ್ಕೆ ಕರೆಂಟ್ ಹೋದ್ರೆ ತಾನೆ ನಮ್ಮನೆಯೋರು ಟೀವಿ ಮುಂದಿಂದ ಎದ್ದು ಸ್ನಾನ ಮಾಡೋದು? ನೀರು ಕಾದು ಕಾದು ಅರ್ಧ ಆಯ್ತು. ಏಳಿ ಅಂದ್ರೆ ‘ಕರೆಂಟ್ ಹೋಗ್ಲಿ ತಡಿ’ ಅಂತಾರೆ.” ಮಾತಾಡುತ್ತಲೇ ಅವಳ ಮೂಗು ಅರಳಿತು. ಒಳಗೆ ಬಂದವಳೇ, “ಇದೇನಿದು ಬಾಡು?” ಎಂದು ಮುಚ್ಚಳ ಎತ್ತಿದಳು.

“ತೆಗೀಬೇಡಿ!” ಎಂದು ದೇವರಾಜ ಕೂಗಿಕೊಂಡ. ಮುಚ್ಚಳ ಒಂದು ಸಲ ತೆಗೆದರೆ ಬೇಯುವುದು ಅರ್ಧ ಗಂಟೆ ಹಿಂದಕ್ಕೆ ಹೋಗುತ್ತದೆ ಎಂದು ಚೀಟಿಯಲ್ಲಿ ಕೆಳಗೆರೆ ಎಳೆದು ಬರೆದಿತ್ತು. ಅವನು ಮುಚ್ಚಳ ಮುಚ್ಚಿ ಮೇಲೆ ಟವೆಲು ಬಿಗಿದ. ಮಹದೇವಮ್ಮ, “ಖಾರಾನೇ ಹಾಕಿಲ್ವಲ್ಲ, ಮೀನಾಕ್ಷಿ ಇಲ್ದೆ ಹಿಂಗಾಗ್ಬಿಟ್ಯಾ?” ಎಂದು ಕಣ್ಣು ಒರೆಸಿಕೊಂಡಳು.

ಅವಳು ಇನ್ನೂ ಇರುವಾಗಲೇ ಹಿಟ್ಟಿನ ಗಿರಣಿಯ ಏಕಾಂತಯ್ಯ ಬಂದರು. ಮಾಂಸದ ವಾಸನೆಗೆ ಮೂಗಿಗೆ ಟವೆಲು ಹಿಡಿದು ಜಗಲಿಯ ಮೇಲೇ ನಿಂತರು. ಹತ್ತರಿಂದ ಒಂದರವರೆಗೆ ಕರೆಂಟಿಲ್ಲದಾಗ ಗಿರಣಿ ಮುಚ್ಚಿ ಮನೆಗೆ ಹೋಗಿ ಉಂಡು ಮಲಗುವುದು ಅವರ ಇಷ್ಟು ವರ್ಷದ ಪದ್ಧತಿ.

“ರಾಗಿ ಡಬ್ಬ ಹೊತ್ಕೊಂಡು ಹದಿನೆಂಟು ಜನ ನಿಂತವ್ರೆ ದೇವರಾಜು. ಕರೆಂಟ್ ಐತಲ್ಲ, ಮುಚ್ತೀನಿ ಅಂದ್ರೆ ಬಿಡ್ತಾರಾ? ವಯಸ್ಸಾದೋನು ನಾನು. ಒಂದ್ ಗಂಟೆನಾದ್ರೂ ತೆಗೆಸಪ್ಪ, ಪುಣ್ಯ ಬತ್ತದೆ.”

ಕರೆಂಟು ಕೊಡಿ ಎಂದು ಕೈಮುಗಿದವರನ್ನು ದೇವರಾಜ ಬೇಕಾದಷ್ಟು ನೋಡಿದ್ದ. ತೆಗೆಯಿರಿ ಎಂದು ಕೈಮುಗಿದವರನ್ನು ನೋಡಿದ್ದು ಇದೇ ಮೊದಲು. ಅಷ್ಟರಲ್ಲಿ ಮೊಣಕಾಲಿನ ತನಕ ಕೆಸರು ಮೆತ್ತಿಕೊಂಡ ಗಿಡ್ಡಯ್ಯ ಓಡಿಬಂದ. ಅವನ ತೋಟದ ಪಂಪು ಕರೆಂಟು ಬಂದಾಗ ತಾನೇ ಶುರುವಾಗಿ, ಹೋದಾಗ ತಾನೇ ನಿಲ್ಲುತ್ತದೆ. ಹತ್ತಕ್ಕೆ ನಿಲ್ಲುತ್ತದೆಂದು ನಂಬಿ ಅವನು ಮಾಲೇಕಲ್ಲಿಗೆ ದೇವರ ದರ್ಶನಕ್ಕೆ ಹೊರಟಿದ್ದ. ಬಸ್ಸು ಸಿಗದೆ ವಾಪಸ್ಸು ಬಂದು ನೋಡಿದರೆ ತೊಟ್ಟಿ ತುಂಬಿ, ಕಾಲುವೆ ತುಂಬಿ, ನೀರು ಅವನದೇ ಕಣಕ್ಕೆ ನುಗ್ಗಿತ್ತು.

“ಒಕ್ಕಬೇಕಾದ ರಾಗಿ ಕಣ್ರೀ, ನೆನೆದು ಹೋಯ್ತು! ಕರೆಂಟ್ ಹೋಗಲ್ಲ ಅಂದ್ರೆ ಮೊದ್ಲೇ ಹೇಳ್ಬೇಕು ತಾನೆ? ಮನುಷ್ಯ ಯಾವ್ದನ್ನ ನಂಬಿ ಬದುಕ್ಬೇಕು?” ಎಂದ ಗಿಡ್ಡಯ್ಯ ಮಾತು ನಿಲ್ಲಿಸಿ ಪಾತ್ರೆಯನ್ನು ನೋಡಿದ. ಕೆಂಪು ದೀಪವನ್ನು ನೋಡಿದ. ವೈರು ಗೋಡೆಗೆ ಹೋಗಿರುವುದನ್ನು ನೋಡಿದ. “ಏನ್ಲಾ ದೇವರಾಜ, ಇದು ಬೇಯ್ಲಿ ಅಂತಾನೇನ್ಲಾ ನೀನು ಊರಿನ ಕರೆಂಟ್ ತೆಗೆಸ್ದೆ ಬಿಟ್ಟಿರೋದು?”

ದೇವರಾಜನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಅವನು ಸ್ಟೂಲಿನ ಮೇಲೆ ಕುಸಿದು ಕುಳಿತು ಎಲ್ಲವನ್ನೂ ಹೇಳಿದ. ಹತ್ತು ವರ್ಷ ಅವಳು ಕೇಳಿದ್ದು, ಇವನು ರೂಲ್ಸು ಎಂದದ್ದು, ಗೇಟಿನ ಹತ್ತಿರದ ನಮಸ್ಕಾರ, ವರ್ಗಾವಣೆಯ ಅರ್ಜಿ. “ಅವ್ಳು ಹೋದ್ರೆ ನಾನೇನ್ ಮಾಡ್ಲಿ?” ಎಂದು ಕೊನೆಗೆ ಕೇಳಿದ.

ಮೊದಲು ಹೊರಟದ್ದು ಗಿಡ್ಡಯ್ಯ. “ಪಂಪು ಕೈಯಲ್ಲೇ ಆರಿಸ್ತೀನಿ ಬಿಡು,” ಎಂದು ಹೋದ. ಏಕಾಂತಯ್ಯ ಮೂಗಿನ ಟವೆಲನ್ನು ತಲೆಗೆ ಸುತ್ತಿಕೊಂಡು, “ಒಂದಿನ ನಿದ್ದೆ ಇಲ್ದಿದ್ರೆ ಸಾಯಲ್ಲ,” ಎಂದು ಗಿರಣಿಗೆ ನಡೆದರು. ಮಹದೇವಮ್ಮ ಮನೆಗೆ ಹೋಗಿ ಟೀವಿಯ ಪ್ಲಗ್ಗು ಕಿತ್ತು ಬಂದಳು. ಮಧ್ಯಾಹ್ನವೆಲ್ಲ ಮೂವರೂ ಪಾಳಿಯ ಮೇಲೆ ಬಂದು ಕೆಂಪು ದೀಪ ನೋಡಿಕೊಂಡು ಹೋದರು.

ಮೂರು ಗಂಟೆಯ ಹೊತ್ತಿಗೆ ಅವರ ಧಾಟಿಯೇ ಬದಲಾಗಿತ್ತು. ಏಕಾಂತಯ್ಯ ಎರಡು ವಾರದ ರಾಗಿ ಒಂದೇ ದಿನ ಬೀಸಿದ್ದರು. ಗಿಡ್ಡಯ್ಯನ ಮೇಲಿನ ಹೊಲಕ್ಕೂ ನೀರು ಹತ್ತಿತ್ತು. ಮಹದೇವಮ್ಮನ ಗಂಡ ಹತ್ತು ವರ್ಷದಲ್ಲಿ ಮೊದಲ ಬಾರಿಗೆ ಹೆಂಡತಿಯ ಮಾತಿಗೆ ಸ್ನಾನ ಮಾಡಿದ್ದ. “ಬರೋ ಭಾನುವಾರಾನೂ ಬಾಡು ಇಟ್ಬಿಡಪ್ಪ,” ಎಂದರು ಏಕಾಂತಯ್ಯ. ಬಾಡು ತಿನ್ನದ ಬಾಯಿಂದ ಆ ಮಾತು ಕೇಳಿ ದೇವರಾಜ ಕೈಮುಗಿದ. “ಇಡ್ತೀನಿ ಸ್ವಾಮಿ, ಖಂಡಿತ ಇಡ್ತೀನಿ,” ಎಂದು ಮಾತು ಕೊಟ್ಟ.

ನಾಲ್ಕರ ಬಸ್ಸು ಬಂತು. ಮೀನಾಕ್ಷಿ ಒಂದು ಕೈಯಲ್ಲಿ ಖಾಲಿ ಚೀಲ, ಇನ್ನೊಂದರಲ್ಲಿ ಟಿಫಿನ್ ಡಬ್ಬಿ ಹಿಡಿದು ಬಂದು ಬಾಗಿಲಲ್ಲೇ ನಿಂತಳು. ವಾಸನೆ ಅವಳನ್ನು ಅಲ್ಲೇ ಹಿಡಿದು ನಿಲ್ಲಿಸಿತ್ತು. ಪಾತ್ರೆಯ ಕಡೆ, ಗಂಡನ ಕಡೆ, ಮತ್ತೆ ಪಾತ್ರೆಯ ಕಡೆ ನೋಡಿದಳು.

“ಎಂಟ್ ಗಂಟೆ?” ಎಂದಳು.

“ಎಂಟ್ ಗಂಟೆ,” ಎಂದ ದೇವರಾಜ.

ಅವಳು ಚೀಲದ ಜೇಬಿನಿಂದ ವರ್ಗಾವಣೆಯ ಅರ್ಜಿಯನ್ನು ತೆಗೆದು, ನಾಲ್ಕು ಮಡಿಕೆ ಮಾಡಿ, ನೆಲದ ಮೇಲಿಟ್ಟಳು. ಬಿಸಿ ಪಾತ್ರೆಯನ್ನು ಎತ್ತಿ ತಂದು ಅದರ ಮೇಲೆ ಕೂರಿಸಿದಳು. ದೇವರಾಜನ ಕಣ್ಣಲ್ಲಿ ನೀರು ಬಂತು. ಮಹದೇವಮ್ಮ ಬಹಿರಂಗವಾಗಿಯೇ ಅತ್ತಳು.

ಮೀನಾಕ್ಷಿ ಗಂಡ ಬೇಯಿಸಿಟ್ಟಿದ್ದ ಮೆಕರೋನಿಯ ಮೇಲೆ ಬಾಡು ಸುರಿದುಕೊಂಡು ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. “ಅದೇ ರುಚಿ ಕಣ್ರೀ,” ಎಂದಳು. ಆಮೇಲೆ ಟಿಫಿನ್ ಡಬ್ಬಿಯನ್ನು ಗಂಡನ ಕಡೆ ಸರಿಸಿದಳು. “ನಿಮಗೆ ಒಬ್ಬಟ್ಟು. ಬಿಟ್ಟು ಹೋಗೋ ದಿನಾನಾದ್ರೂ ಬಾಯಿ ಸಿಹಿ ಮಾಡಿ ಹೋಗೇ ಅಂದ್ಲು ಅವ್ವ. ರುಬ್ಬೋ ಮಿಷನ್ ಹಾಕಣ ಅಂದ್ರೆ ಎಂಟಕ್ಕೆ ಹೋದ ಕರೆಂಟು ನಾನು ಬಸ್ ಹತ್ತೋವರ್ಗೂ ಬರ್ಲಿಲ್ಲ. ಹೂರಣ ಎಲ್ಲಾ ಒರಳಲ್ಲಿ ರುಬ್ಬಿದೆ, ನೋಡಿ.” ಅವಳು ಅಂಗೈ ಚಾಚಿದಳು. ಎರಡೂ ಕೈಯಲ್ಲಿ ಬೊಬ್ಬೆ ಎದ್ದಿತ್ತು.

ದೇವರಾಜ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಎಂಟರಿಂದ ನಾಲ್ಕು. ಎಲ್ಲಿ ಎಂದು ಹೇಳಬೇಡ ಎಂದವನು ತಾನೇ. ತಮ್ಮಯ್ಯನ ಪಾಳಿ ಮುಗಿದಿದೆ, ಇನ್ನೇನು ಬಟ್ಟಲಿಗೆ ಬರುತ್ತಾನೆ. ಅವನು ಗಡಿಬಿಡಿಯಲ್ಲಿ ಒಂದು ಬಟ್ಟಲು ತುಂಬಿಕೊಂಡು, “ಬಂದೆ ಇರು,” ಎಂದು ಬೀದಿಬಾಗಿಲಿಗೆ ಓಡಿ, ಸ್ಟೇಷನ್ನಿನ ದಾರಿಗೆ ಕಣ್ಣು ನೆಟ್ಟು ಕಾವಲು ನಿಂತ.

ತಮ್ಮಯ್ಯ ಯಾವಾಗಲೂ ಮಹದೇವಮ್ಮನ ಹಿತ್ತಿಲಿನಿಂದ ಬರುವವನು. ಹಿಂಬಾಗಿಲಿಂದ ಒಳಗೆ ಬಂದು ಮೀನಾಕ್ಷಿಯನ್ನು ಕಂಡು ಹಲ್ಲು ಬಿಟ್ಟ.

“ಹೆಂಗೈತಮ್ಮ ಬಾಡು? ಬೆಂದಿರ್ಲೇಬೇಕು. ನಿಮಗೋಸ್ಕರ ಮಾದಿಹಳ್ಳಿ ಲೈನ್ ಬೆಳಗ್ಗೆಯಿಂದ ಪೂರ್ತಿ ತೆಗ್ದಿದ್ದೆ ಕಣಮ್ಮ!”

ಮೀನಾಕ್ಷಿ ಬಟ್ಟಲು ಕೆಳಗಿಟ್ಟಳು. ದೇವರಾಜ ಓಡಿಬರುವ ಹೊತ್ತಿಗೆ ಅವಳು ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು.

“ನಂಗೆ ಗೊತ್ತಿರ್ಲಿಲ್ಲ ಕಣೇ. ಎಲ್ಲಾದ್ರೂ ತೆಗಿ ಅಂದಿದ್ದೆ, ಅಷ್ಟೆ.”

“ಎಲ್ಲಾದ್ರೂ ಅಂದ್ರೂ ಅಲ್ಲೂ ಯಾರೋ ಒಬ್ಬಳು ಒಲೆ ಮುಂದೆ ಇರ್ತಾಳಲ್ಲ?” ಎಂದಳು ಅವಳು. ಅದರಲ್ಲಿ ಕೋಪವಿರಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು.

ಅವಳು ಪಾತ್ರೆ ಎತ್ತಿ ಅರ್ಜಿಯನ್ನು ತೆಗೆದು ತೊಡೆಯ ಮೇಲೆ ಸವರಿದಳು. ಮೇಲೆ ಟೊಮೇಟೊದ ಕೆಂಪು ಉಂಗುರ ಬಿದ್ದಿತ್ತು. “ಕಲೆ ಆದ್ರೂ ಓದಕ್ ಬತ್ತದೆ. ಒಂದ್ ವಾರ ಇಟ್ಕೊಂಡಿರ್ತೀನಿ. ಪಾತ್ರೆ ತಗೊಂಡು ಹೋಗ್ತೀನಿ. ಬರೋ ಭಾನುವಾರ ನಮ್ಮವ್ವಂಗೆ ಮಾಡಿ ಉಣ್ಣಿಸ್ಬೇಕು. ಎಂಟರಿಂದ ನಾಲ್ಕು ಮಾದಿಹಳ್ಳೀಲಿ ಕರೆಂಟ್ ಇರ್ಲಿ. ಇದ್ರೆ ನೀವೂ ಉಣ್ಣಕ್ ಬನ್ನಿ, ನಿಮ್ ಜೊತೇಲೇ ವಾಪಸ್ ಬತ್ತೀನಿ. ಇಲ್ದಿದ್ರೆ ಸೋಮವಾರ ಅರ್ಜಿ.”

“ಇರ್ತದೆ ಕಣೇ! ನಾನೇ ನಿಂತು...” ಎಂದು ದೇವರಾಜ ಶುರುಮಾಡಿದ.

“ಅಲ್ಲಿ ಬಿಟ್ರೆ ಇಲ್ಲಿ ತೆಗೀಬೇಕಾಯ್ತದಲ್ಲಪ್ಪ,” ಎಂದ ತಮ್ಮಯ್ಯ.

ಹೊರಗೆ ಜಗಲಿಯ ಮೇಲೆ ಸದ್ದಾಯಿತು. ಏಕಾಂತಯ್ಯ ಎದ್ದು ನಿಂತಿದ್ದರು. “ದೇವರಾಜು, ಬರೋ ಭಾನುವಾರ ರಾಗಿ ತನ್ನಿ ಅಂತ ಇಪ್ಪತ್ತು ಮನೆಗೆ ಹೇಳ್ಬಿಟ್ಟಿದೀನಿ ಕಣಪ್ಪ. ನೀನು ಮಾತು ಕೊಟ್ಟಿದೀಯ.” ಗಿಡ್ಡಯ್ಯನೂ ಮಹದೇವಮ್ಮನೂ ಅವರ ಪಕ್ಕಕ್ಕೆ ಬಂದು ನಿಂತರು.

ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಮೀನಾಕ್ಷಿ ಉಳಿದ ಬಾಡಿನ ಸಮೇತ ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಾಗಿಲು ದಾಟಿದಳು. ದೇವರಾಜ ನಡುಮನೆಯಲ್ಲಿ ನಿಂತೇ ಇದ್ದ. ಬೆಳಗ್ಗೆಯಿಂದ ಕಾದ ಬಾಡನ್ನು ಅವನಿನ್ನೂ ಒಂದು ತುತ್ತೂ ತಿಂದಿರಲಿಲ್ಲ. ಕೈಯಲ್ಲಿ ಉಳಿದದ್ದು ಆ ಒಂದು ಬಟ್ಟಲು.

ತಮ್ಮಯ್ಯ ಹತ್ತಿರ ಬಂದು, ಅವನ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, ಬಟ್ಟಲು ತೆಗೆದುಕೊಂಡ. “ಇದು ನಂದಲ್ವೇನಪ್ಪ?” ಎಂದ.