ಹನಾವಾ ಎಳೆದ ದಪ್ಪ ತಂತಿ

ಎಲ್ಲಕ್ಕೂ ಮೂಲ ಒಂದು ಸಣಕಲು ತಂತಿ. ಹನಾವಾ ಟೊಕುಜಿಯ ಕೆಂಪು ಟರ್ಬೊ ಕಾರಿನಲ್ಲಿ ಪೆಟ್ರೋಲ್ ಪಂಪಿಗೆ ಕರೆಂಟು ಒಯ್ಯುವ ಆ ತಂತಿ ಮೂವತ್ತು ವರ್ಷ ಹಳೆಯದು, ಶಾವಿಗೆ ಎಳೆಯಷ್ಟು ದಪ್ಪ. ಬ್ಯಾಟರಿಯ ಬಳಿ ಹದಿಮೂರೂ ಮುಕ್ಕಾಲು ವೋಲ್ಟು ಇದ್ದದ್ದು ಕಾರಿನ ಹಿಂಭಾಗದ ಪಂಪು ತಲುಪುವಷ್ಟರಲ್ಲಿ ಹನ್ನೊಂದಕ್ಕೆ ಇಳಿಯುತ್ತಿತ್ತು. ಪಂಪು ಸೋತರೆ ಪೆಟ್ರೋಲು ಸಾಲದು, ಪೆಟ್ರೋಲು ಸಾಲದಿದ್ದರೆ ಎಂಜಿನ್ನಿಗೆ ಗಾಳಿ ತುಂಬಿ ಬಲ ಕೊಡುವ ಟರ್ಬೊ ಇದ್ದೂ ಇಲ್ಲದಂತೆ.

ಹನಾವಾನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಿಯಾನೋಸಾವಾ ಪಟ್ಟಣದ ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಸವೆಸಿದವನು ಅವನು. ಪಕ್ಕದ ಮನೆಯ ಮಕಿನೊ ಅಜ್ಜಿ ತನ್ನ ಬಚ್ಚಲಿಗೆ ನೀರು ಜೋರಾಗಿ ಬಿಡಪ್ಪ ಎಂದು ಹತ್ತು ವರ್ಷದಿಂದ ಕೇಳುತ್ತಿದ್ದಳು. ಒತ್ತಡ ಹೆಚ್ಚಿಸಿದರೆ ನಿಮ್ಮ ಹಳೇ ಪೈಪು ತಡೆಯಲ್ಲ ಅಜ್ಜಿ ಎಂದು ಹತ್ತು ವರ್ಷದಿಂದ ಅವಳಿಗೆ ತಿಳಿಹೇಳುತ್ತ ಬಂದವನೂ ಇವನೇ.

ಅವನ ಸಂಕಟ ಬೇರೆಯೇ ಇತ್ತು. ಊರಿನ ಇಸೊಗಾಯಿಯ ಗ್ಯಾರೇಜಿನಲ್ಲಿ, ಕಾರಿನ ಶಕ್ತಿ ಅಳೆಯುವ ಉರುಳೆಗಳ ಮೇಲಿನ ಗೋಡೆಗೆ ಮರದ ಹೆಸರುಪಟ್ಟಿಗಳನ್ನು ಸಾಲಾಗಿ ತೂಗುಹಾಕಿದ್ದರು. ಮುನ್ನೂರು ಕುದುರೆಶಕ್ತಿ ದಾಟಿದವರಿಗೆ ಮಾತ್ರ ಅಲ್ಲಿ ಜಾಗ. ಕ್ಷೌರದಂಗಡಿಯ ಉಶಿಯಾಮಾನ ಹೆಸರೂ ಅಲ್ಲಿತ್ತು. ಹನಾವಾನ ಕಾರು ಮೂರು ವರ್ಷದಿಂದ ಇನ್ನೂರ ಎಂಬತ್ತನಾಲ್ಕರಲ್ಲೇ ಏದುಸಿರು ಬಿಡುತ್ತಿತ್ತು.

ಹಾಗಾಗಿ ಹತ್ತು ಸಂಜೆ ಕಾರಿನ ಕೆಳಗೆ ಮಲಗಿ, ಬೆರಳು ದಪ್ಪದ ಕೆಂಪು ತಂತಿಯನ್ನು ಬ್ಯಾಟರಿಯಿಂದ ಪಂಪಿನವರೆಗೆ ನೇರವಾಗಿ ಎಳೆದ. ನಡುವೆ ಸ್ವಿಚ್ಚಿನಂತೆ ಕೆಲಸ ಮಾಡುವ ಒಂದು ರಿಲೇ, ಒಂದು ಫ್ಯೂಸು, ಗೇಣಿಗೊಂದು ಕ್ಲಿಪ್ಪು. ಭಾನುವಾರ ನಾಲ್ಕು ಗಂಟೆಗೆ ಅಳತೆ ಎಂದು ಇಸೊಗಾಯಿಯ ಹತ್ತಿರ ಸಮಯವನ್ನೂ ಗೊತ್ತು ಮಾಡಿಕೊಂಡ.

"ತಂತಿ ಬದಲಾಯಿಸ್ತೀರಲ್ಲ, ಎಂಜಿನ್ ಹತ್ರದ ಹಳೇ ಪೆಟ್ರೋಲ್ ಹೋಸುಗಳನ್ನೂ ಬದಲಾಯಿಸಿಬಿಡಿ" ಎಂದಿದ್ದ ಇಸೊಗಾಯಿ.

"ನೀರಿನ ಕಚೇರಿಯೋನಿಗೆ ಪೈಪಿನ ಪಾಠ ಹೇಳ್ತಾನೆ ನೋಡು" ಎಂದು ಹನಾವಾ ಮನೆಗೆ ಬಂದು ಹೆಂಡತಿ ಸುಮಿಯೆಯ ಮುಂದೆ ನಕ್ಕಿದ್ದ.

ಭಾನುವಾರ ಮಧ್ಯಾಹ್ನ ಎರಡಕ್ಕೆ ಕೀಲಿ ತಿರುಗಿಸಿದ. ಹಿಂದಿನಿಂದ ಸಣ್ಣಗೆ, ಏರುಸ್ವರದಲ್ಲಿ ಪಂಪು ಹಾಡತೊಡಗಿತು. ಹನಾವಾನ ಎದೆ ತುಂಬಿ ಬಂತು. ಬೇಲಿಯಾಚೆ ಮಕಿನೊ ಅಜ್ಜಿಯ ತಲೆ ಕಾಣಿಸಿತು.

"ಅಜ್ಜಿ, ಕೇಳಿಸ್ತಾ?"

"ಕೇಳಿಸ್ತಪ್ಪ. ಸೊಳ್ಳೆ ಥರ ಇದೆ."

"ಸೊಳ್ಳೆಯಲ್ಲ ಅಜ್ಜಿ. ಇಷ್ಟು ವರ್ಷ ಹೊಟ್ಟೆಗಿಲ್ಲದೆ ಇತ್ತು ಪಾಪ, ಈಗ ಪೂರ್ತಿ ಊಟ ಮಾಡ್ತಿದೆ."

"ಒಳ್ಳೇದಾಯ್ತು ಬಿಡು. ನನ್ನ ಬಚ್ಚಲಿಗೂ ಒಂದು ಅಂಥದ್ದು ಹಾಕಿಕೊಡು."

ಹನಾವಾ ಕಾರನ್ನು ಹೊಳೆದಂಡೆಯ ರಸ್ತೆಗೆ ಇಳಿಸಿದ. ಕಾಲು ಒತ್ತಿದ್ದೇ ತಡ, ಕಾರು ಅವನನ್ನು ಸೀಟಿಗೆ ಅದುಮಿ ಹಿಡಿದು ನೆಗೆಯಿತು. ಇಂಥ ಓಟವನ್ನು ಅದು ಹಿಂದೆಂದೂ ಓಡಿರಲಿಲ್ಲ. ಮುನ್ನೂರಹತ್ತಕ್ಕೆ ಮೋಸವಿಲ್ಲ ಎಂದು ಲೆಕ್ಕ ಹಾಕಿ, ತನ್ನ ಹೆಸರುಪಟ್ಟಿ ಉಶಿಯಾಮಾನದ್ದಕ್ಕಿಂತ ಮೇಲಿರಬೇಕೋ ಪಕ್ಕದಲ್ಲಿರಬೇಕೋ ಎಂದು ಯೋಚಿಸುತ್ತಿರುವಾಗ ಜೇಬಿನ ಫೋನು ಕೂಗಿಕೊಂಡಿತು.

ಹನಾವಾ ಬಡಾವಣೆಯ ಸ್ವಯಂಸೇವಕ ಅಗ್ನಿಶಾಮಕ ದಳದ ದಳಪತಿಯೂ ಆಗಿದ್ದ. ಸಂದೇಶ ಚಿಕ್ಕದಾಗಿತ್ತು: 'ಮೂರನೇ ಬೀದಿ. ಪೆಟ್ರೋಲಿನ ಘಾಟು. ಕೂಡಲೇ ಸೇರಿ.'

"ಯಾವ ಜವಾಬ್ದಾರಿಯಿಲ್ಲದ ಮನುಷ್ಯನೋ" ಎಂದು ಗೊಣಗಿ ಕಾರು ತಿರುಗಿಸಿದ. ಹತ್ತು ನಿಮಿಷದ ದಾರಿಯನ್ನು ನಾಲ್ಕೇ ನಿಮಿಷದಲ್ಲಿ ಮುಗಿಸಿದ. ದಪ್ಪ ತಂತಿ ಜನಸೇವೆಗೂ ಒದಗಿತಲ್ಲ ಎಂದು ಹೆಮ್ಮೆಪಟ್ಟುಕೊಂಡು, ಕಾರನ್ನು ದಳದ ಶೆಡ್ಡಿನೊಳಗೇ ತಂದು ನಿಲ್ಲಿಸಿದ. ಜೋರಾಗಿ ಓಡಿಬಂದ ಟರ್ಬೊ ಕಾದಿರುತ್ತದೆ, ಎಂಜಿನನ್ನು ತಕ್ಷಣ ನಿಲ್ಲಿಸಬಾರದು. ಅದನ್ನು ಓಡುವಂತೆಯೇ ಬಿಟ್ಟು, ಯಾರೂ ಕೈಹಾಕದಿರಲಿ ಎಂದು ಕಾರಿನ ಬಾಗಿಲಿನ ಬೀಗದ ಗುಂಡಿ ಒತ್ತಿ ಮುಚ್ಚಿದ. ಕೀಲಿ ಒಳಗೇ ಉಳಿಯಿತು.

ಇಸೊಗಾಯಿ ಆಗಲೇ ಅಗ್ನಿಶಾಮಕ ವಾಹನದ ಸ್ಟೀರಿಂಗ್ ಹಿಡಿದು ಕೂತಿದ್ದ. ದಳದ ಚಾಲಕ ಅವನೇ. ಉಶಿಯಾಮಾ ಅರ್ಧ ಕ್ಷೌರದ ಗಿರಾಕಿಯನ್ನು ಬಿಟ್ಟು ಬಂದಿದ್ದ. ಗಂಟೆ ಬಾರಿಸುತ್ತ ವಾಹನ ಮೂರನೇ ಬೀದಿಗೆ ನುಗ್ಗಿ ಒಂದು ಮನೆಯ ಮುಂದೆ ನಿಂತಿತು.

"ದಳಪತಿಗಳೇ, ಇದು ನಿಮ್ಮನೆ ಅಲ್ವಾ?" ಎಂದ ಉಶಿಯಾಮಾ.

ಅಂಗಳದಲ್ಲಿ, ಕಾರು ನಿಂತಿದ್ದ ಜಾಗದಲ್ಲಿ, ತಟ್ಟೆಯಗಲದ ಒದ್ದೆ. ಪಕ್ಕದಲ್ಲಿ ಮೂಗಿಗೆ ಸೆರಗಿನಂತೆ ಟವೆಲು ಹಿಡಿದ ಮಕಿನೊ ಅಜ್ಜಿ.

"ನಾನೇ ಫೋನ್ ಮಾಡಿದ್ದು. ಕಾರು ಹೊರಟ ಮೇಲೆ ನೋಡಿದ್ರೆ ಇಷ್ಟು ಸೋರಿತ್ತು. ಆ ಕಾರು ಎಲ್ಲಿದ್ಯೋ ಏನೋ, ಬೇಗ ಹುಡುಕಿ. ದಾರೀಲಿ ಯಾರಿಗಾದ್ರೂ ಏನಾದ್ರೂ ಆದೀತು."

ಇಸೊಗಾಯಿ ಹನಾವಾನ ಮುಖ ನೋಡಿದ.

"ಕಾರೆಲ್ಲಿದೆ?"

"ಶೆಡ್ಡಲ್ಲಿ" ಎಂದ ಹನಾವಾ. "ಎಂಜಿನ್ ಓಡ್ತಾ ಇದೆ."

ಗಂಟೆ ಬಾರಿಸುತ್ತಲೇ ವಾಹನ ಹಿಂದಕ್ಕೆ ಓಡಿತು. ಬೆಂಕಿ ಆರಿಸುವ ದಳ ತನ್ನ ಶೆಡ್ಡನ್ನು ತಾನೇ ಉಳಿಸಿಕೊಳ್ಳಲು ಧಾವಿಸುವುದನ್ನು ಬೀದಿಯ ಜನ ಬಾಗಿಲಿಗೆ ಬಂದು ನೋಡಿದರು.

ಶೆಡ್ಡಿನಲ್ಲಿ ಕಾರು ನೆಮ್ಮದಿಯಾಗಿ ಗುನುಗುತ್ತಿತ್ತು. ಮುಂಭಾಗದ ಹಳೇ ಹೋಸಿನಿಂದ ಪೆಟ್ರೋಲು ತೊಟ್ಟಿಕ್ಕುತ್ತಿತ್ತು, ಇನ್ನೂ ಕಾದಿದ್ದ ಟರ್ಬೊಗೆ ಒಂದು ಗೇಣು ದೂರದಲ್ಲಿ. ಉಶಿಯಾಮಾ ನೊರೆ ಸುರಿದ. ಇಸೊಗಾಯಿ ಬಾಗಿಲು ಎಳೆದು ನೋಡಿದ, ಬರಲಿಲ್ಲ. ಬಾನೆಟ್ಟು ತೆರೆಯುವ ಹಿಡಿಯೂ ಒಳಗೇ.

"ಪಂಪು ನಿಲ್ಲಬೇಕು, ಈಗಲೇ. ಗಾಜು ಒಡೀಲಾ, ತಂತಿ ಕತ್ತರಿಸ್ಲಾ?"

ಆ ಗಾಜು ಈಗ ಎಲ್ಲೂ ಸಿಗುವುದಿಲ್ಲ. ತಂತಿ ಹತ್ತು ಸಂಜೆಯ ಬೆವರು.

"ತಂತಿ" ಎಂದ ಹನಾವಾ.

ಇಸೊಗಾಯಿ ಟಾರ್ಚು ಹಿಡಿದು ಹಿಂದಿನ ಚಕ್ರದ ಬಳಿ ಕಾರಿನಡಿ ತೂರಿದ.

"ಹನಾವಾ ಅವರೇ, ಇದನ್ನ ಯಾರ ಕೈಲಿ ಮಾಡಿಸಿದ್ರಿ?" ಎಂದ ಅಲ್ಲಿಂದಲೇ.

"ನಾನೇ ಮಾಡಿದ್ದು."

"ಒಂದು ಕ್ಲಿಪ್ಪೂ ಸೊಟ್ಟ ಇಲ್ಲ. ನನ್ನ ಅಂಗಡೀಲೂ ಇಷ್ಟು ಅಚ್ಚುಕಟ್ಟಾಗಿ ಮಾಡೋರಿಲ್ಲ."

ಈ ಮಾತಿಗಾಗಿ ಹನಾವಾ ಹತ್ತು ವರ್ಷ ಕಾದಿದ್ದ. ನೊರೆಯ ನಡುವೆ ನಿಂತೇ ಅವನು ಎದೆ ಸೆಟೆಸಿದ. ಅಷ್ಟರಲ್ಲಿ ಕಾರಿನಡಿಯಿಂದ 'ಕಟಕ್' ಎಂಬ ಸದ್ದು ಬಂತು. ಪಂಪಿನ ಹಾಡು ನಿಂತಿತು. ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಮರುದಿನ ಗಂಡಹೆಂಡಿರು 'ಮಂಜೂ' ಎಂಬ ಹೂರಣದ ಸಿಹಿಯ ಡಬ್ಬಿಗಳನ್ನು ಹಿಡಿದು ಬೀದಿಯ ಮನೆಮನೆಗೂ ಹೋಗಿ ತಲೆಬಾಗಿ ಕ್ಷಮೆ ಕೇಳಿದರು. ಮಕಿನೊ ಅಜ್ಜಿ ಡಬ್ಬಿ ತೆಗೆದುಕೊಂಡು ಕನಿಕರದಿಂದ ನೋಡಿದಳು.

"ಒತ್ತಡ ಹೆಚ್ಚಿಸಿದ್ರೆ ಹಳೇ ಪೈಪು ತಡೆಯಲ್ಲಪ್ಪ" ಎಂದಳು. "ನನಗೆ ನೀನೇ ತಾನೇ ಹೇಳಿದ್ದು."

ಮುಂದಿನ ಭಾನುವಾರ ಇಸೊಗಾಯಿಯೇ ಫೋನ್ ಮಾಡಿ ಕರೆದ. ಹನಾವಾ ಸೈಕಲ್ಲಿನಲ್ಲಿ ಹೋದ. ಗೋಡೆಯ ಮೇಲೆ ಹೊಸ ಮರದ ಪಟ್ಟಿ, ದಪ್ಪ ಅಕ್ಷರದಲ್ಲಿ ಅವನ ಹೆಸರು. ಅದರ ಕೆಳಗೆ ಕುದುರೆಶಕ್ತಿಯ ಅಂಕಿ ಇರಲಿಲ್ಲ. ಕತ್ತರಿಸಿದ ಕೆಂಪು ತಂತಿಯ ತುಂಡು, ಬಿರಿದ ಹೋಸಿನ ತುಂಡು, ಎರಡು ಸಾಲಿನ ಒಂದು ಚೀಟಿ ಇದ್ದವು: 'ತಂತಿ ಹೀಗೆ ಎಳೆಯಿರಿ. ಹೋಸು ಹೀಗೆ ಬಿಡಬೇಡಿ.'

ಗಿರಾಕಿಗಳಿಬ್ಬರು ಅದನ್ನು ಬಗ್ಗಿ ನೋಡುತ್ತಿದ್ದರು. ಹನಾವಾ ಅವರ ಹಿಂದೆ ನಿಂತು, ಅವರು ಮೇಲಿನ ಸಾಲು ಓದುವವರೆಗೆ ಕಾದು, ಕೆಳಗಿನ ಸಾಲಿಗೆ ಬರುವ ಮುಂಚೆ ಮೆಲ್ಲಗೆ ಕೆಮ್ಮಿದ.

"ಅದು ನಾನೇ" ಎಂದ.

ಮನೆಗೆ ಬಂದಾಗ ಸುಮಿಯೆ ಒಲೆಯ ಮುಂದಿದ್ದಳು.

"ಗೋಡೆ ಮೇಲೆ ನನ್ನ ಹೆಸರು ಹಾಕಿದ್ದಾರೆ ಕಣೆ."

"ಹೌದಾ? ಮುನ್ನೂರು ದಾಟ್ತಾ?"

ಹನಾವಾ ನಿಧಾನವಾಗಿ ಚಪ್ಪಲಿ ಜೋಡಿಸಿಟ್ಟ.

"ಹೆಸರು ಹಾಕಿದ್ದಾರೆ" ಎಂದ.