ಲೀಟರಿಗೆ ಹದಿನಾರು

ನನ್ನ ಪಿಕಪ್ ಗಾಡಿ ಒಂದು ಲೀಟರ್ ಡೀಸೆಲ್ಲಿಗೆ ಎಷ್ಟು ಓಡುತ್ತೆ ಅಂತ ನನ್ನಷ್ಟು ಕರಾರುವಾಕ್ಕಾಗಿ ಹೇಳೋ ಗಂಡಸು ತುಮಕೂರು ಜಿಲ್ಲೆಯಲ್ಲೇ ಇಲ್ಲ ಅಂತ ಹೋದ ಮಾರ್ಚ್ ತಿಂಗಳವರೆಗೂ ನಂಬಿದ್ದೆ. ನಾನು ಗಣಿತದ ಮೇಷ್ಟ್ರು. ಗುಬ್ಬಿ ಹತ್ತಿರದ ತೋಟದಿಂದ ತೆಂಗಿನಕಾಯಿ ಸಾಗಿಸೋಕೆ ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡಿದ್ದೆ. ಒಂದು ಭಾನುವಾರ ಟ್ಯಾಂಕ್ ಫುಲ್ ಮಾಡಿಸಿ, ತುಮಕೂರಿಗೂ ಗುಬ್ಬಿಗೂ ನಾಲ್ಕು ಸಲ ಓಡಾಡಿ, ಮತ್ತೆ ಫುಲ್ ಮಾಡಿಸಿ, ಭಾಗಾಕಾರ ಮಾಡಿ ಉತ್ತರ ತೆಗೆದೆ. ಲೀಟರಿಗೆ ಹದಿನಾರು ಕಿಲೋಮೀಟರ್. ಅವತ್ತು ಗಾಡಿ ಖಾಲಿ ಇತ್ತು ಅನ್ನೋದು ಮಾತ್ರ ನನ್ನ ಲೆಕ್ಕದೊಳಗೆ ಬರಲೇ ಇಲ್ಲ.

ನಾನು ಪಾಠ ಮಾಡೋ ಅಮೃತೂರಿನ ಶಾಲೆಯಲ್ಲಿ ಹನುಮಕ್ಕ ಇಪ್ಪತ್ತೆರಡು ವರ್ಷ ಬಿಸಿಯೂಟ ಬೇಯಿಸಿದ್ದರು. ಅವರಿಗೆ ಬೀಳ್ಕೊಡುಗೆ ಅಂತ ಗೊತ್ತಾದಾಗ ಸ್ಟಾಫ್ ರೂಮಿನಲ್ಲಿ ಎದ್ದು ನಿಂತು ಘೋಷಿಸಿದವನು ನಾನೇ. "ಆ ದಿನ ಅವರು ಒಲೆ ಮುಟ್ಟಕೂಡದು. ಇನ್ನೂರು ಜನದ ಊಟ ತುಮಕೂರಿಂದ ನಾನು ತರ್ತೀನಿ."

ತಂದೆ. ಅಂದರೆ, ಹೊರಟೆ. ಹಿಂದೆ ಬಿಸಿಬೇಳೆಬಾತಿನ ಕೊಳಗಗಳು, ಪಾಯಸ, ಬಾಡಿಗೆ ಕುರ್ಚಿಗಳು. ಪಕ್ಕದಲ್ಲಿ ಹೆಂಡತಿ ಸಂಧ್ಯಾ.

"ರೀ, ಡೀಸೆಲ್ ಮುಳ್ಳು ತಳಕ್ಕೆ ಇಳ್ದಿದೆ. ಬಂಕ್ ಹತ್ರ ನಿಲ್ಸಿ."

"ಮುಳ್ಳು ನೋಡಿ ಗಾಡಿ ಓಡಿಸೋರು ಲೆಕ್ಕ ಬಾರದವರು. ಟ್ಯಾಂಕಲ್ಲಿ ನಾಲ್ಕು ಲೀಟರ್ ಇದೆ. ನಾಲ್ಕು ಹದಿನಾರ್ಲಿ?"

"ಅರವತ್ನಾಲ್ಕು. ಆದ್ರೂ ನಿಲ್ಸಿ."

ನಿಲ್ಲಿಸಲಿಲ್ಲ. ಕುಣಿಗಲ್ ದಾಟಿ ಸ್ವಲ್ಪ ದೂರ ಹೋದ ಮೇಲೆ ಗಾಡಿಯೇ ನಿಂತಿತು.

ಸಂಧ್ಯಾ ಇಳಿದು, ಬರೋ ಗಾಡಿಗಳಿಗೆ ಕೈ ಅಡ್ಡ ಹಿಡಿದಳು. ಟ್ರ್ಯಾಕ್ಟರಿನವರೊಬ್ಬರು ಪಾಪ, ಕ್ಯಾನಿನಿಂದ ಎರಡು ಲೀಟರ್ ಸುರಿದು ಹೋದರು. ನಾನು ವಿಜಯಿಯಂತೆ ಕೀಲಿ ತಿರುಗಿಸಿದೆ. ಗಾಡಿ ಕೆಮ್ಮಿತು, ಅಷ್ಟೇ.

"ಯಾವ್ದಾದ್ರೂ ಗೂಡ್ಸ್ ಆಟೋ ಕರೀರಿ, ಊಟ ಮುಂದೆ ಕಳ್ಸೋಣ. ಮಕ್ಳು ಹಸ್ಕೊಂಡಿರ್ತವೆ."

"ಎರಡೇ ನಿಮಿಷ ತಡಿಯೇ, ಸ್ಟಾರ್ಟ್ ಆಗತ್ತೆ."

ಅವಳ ಅದೊಂದು ಮಾತು ಕೇಳಿದ್ದರೆ ಸಾಕಿತ್ತು. ಹೆಡ್‌ಮಾಸ್ಟರ್ ಮೂರು ಸಲ ಫೋನ್ ಮಾಡಿದರು. ಮೂರು ಸಲವೂ "ಇಲ್ಲೇ ಬಂದ್ವಿ ಸಾರ್" ಅಂದೆ. ನಾಲ್ಕನೇ ಸಲ ಫೋನ್ ಬರಲಿಲ್ಲ. ಅಷ್ಟರಲ್ಲಿ ಕೀಲಿ ತಿರುಗಿಸೀ ತಿರುಗಿಸೀ ಬ್ಯಾಟರಿಯೂ ಇಳಿದು, ಗಾಡಿ ಕೆಮ್ಮುವುದನ್ನೂ ಬಿಟ್ಟಿತ್ತು.

ಕೊನೆಗೆ ಕುಣಿಗಲ್ಲಿಂದ ಮೆಕ್ಯಾನಿಕ್ ಬೆಟ್ಟಸ್ವಾಮಿ ಬಂದರು. ಬಾನೆಟ್ ಎತ್ತಿ ನನ್ನ ಮುಖ ನೋಡಿದರು.

"ಡೀಸೆಲ್ ಗಾಡೀನ ಪೂರ್ತಿ ಒಣಗಿಸ್ಬುಟ್ರಾ ಸಾರ್? ಪೈಪ್ ಒಳಗೆ ಗಾಳಿ ಹಿಡ್ಕಂಡೈತೆ. ಅದು ಹೋಗೋವರ್ಗೂ ಎಷ್ಟ್ ಡೀಸೆಲ್ ಸುರುದ್ರೂ ಅಷ್ಟೇಯ. ಎಷ್ಟ್ ಕೊಡುತ್ತೆ ಮೈಲೇಜು?"

"ಹದಿನಾರು," ಅಂದೆ, ಮೆಲ್ಲಗೆ.

"ಇಷ್ಟು ಲೋಡ್ ಹಾಕ್ಕಂಡಾ? ಹನ್ನೊಂದೋ ಹನ್ನೆರಡೋ ಬಂದ್ರೆ ನಿಮ್ ಪುಣ್ಯ."

ಅವರು ಗಾಳಿ ತೆಗೆದು, ಬ್ಯಾಟರಿಗೆ ಜೀವ ಕೊಟ್ಟು ನಮ್ಮನ್ನು ಕಳಿಸಿದಾಗ ಮೂರೂವರೆ ದಾಟಿತ್ತು.

ಶಾಲೆ ಮುಟ್ಟಿದಾಗ ಮಕ್ಕಳು ನಲ್ಲಿ ಹತ್ತಿರ ತಟ್ಟೆ ತೊಳೆಯುತ್ತಿದ್ದರು. ಅಡುಗೆ ಕೋಣೆಯೊಳಗೆ ಹನುಮಕ್ಕ ಸೀರೆ ಎತ್ತಿಕಟ್ಟಿ ಕೊಳಗ ಉಜ್ಜುತ್ತಾ ಕೂತಿದ್ದರು. ಅವರಿಗೆ ಹಾಕಿದ ಹಾರ ಕಿಟಕಿಯ ಮೊಳೆಗೆ ನೇತಾಡುತ್ತಿತ್ತು. ಒಂದೂವರೆಯಾದರೂ ಊಟ ಬರದೆ ಒಂದನೇ ಕ್ಲಾಸಿನ ಮಕ್ಕಳು ಅಳೋಕೆ ಶುರು ಮಾಡಿದಾಗ, ಸನ್ಮಾನದ ಕುರ್ಚಿಯಿಂದ ಎದ್ದು ಬಂದು ಒಲೆ ಹಚ್ಚಿದ್ದರಂತೆ.

"ತಪ್ಪಾಯ್ತು ಹನುಮಕ್ಕ. ನನ್ನ ಲೆಕ್ಕ ತಪ್ಪಿಹೋಯ್ತು," ಅಂದೆ.

ಅವರು ಕೈ ತೊಳೆದುಕೊಂಡು, ಮುಚ್ಚಿಟ್ಟಿದ್ದ ಪಾತ್ರೆ ತೆಗೆದರು.

"ಲೆಕ್ಕ ನಂಗೆ ಬರಾಕಿಲ್ಲ ಮೇಷ್ಟ್ರೇ. ಇನ್ನೂರು ಜನ ಅಂದ್ರೆ ಯಾವತ್ತೂ ಇನ್ನೂರಾ ಹತ್ತು ಜನುಕ್ಕೆ ಅಕ್ಕಿ ಹಾಕ್ತೀನಿ. ಅದ್ರಲ್ಲೇ ನಿಮ್ಮಿಬ್ರುಗೂ ಉಳ್ದೈತೆ. ಕೂತ್ಕಳಿ, ಬಡುಸ್ತೀನಿ."