ಗಡಿಯಾರಪ್ಪನವರ ಒಂದೂವರೆ ಗಂಟೆ

"ಒಂದು ವಾರ ಟೈಮ್ ಕೊಡು. ಎಂಟನೇ ದಿನ ಈ ಮನೇಲಿ ನೀನು ಪೊರಕೆ ಮುಟ್ಟಿದ್ರೆ ನನ್ನ ಹೆಸರು ಬದಲಾಯಿಸಿಬಿಡು" ಎಂದು ಅವರು ಊಟದ ಮೇಜಿನ ಮುಂದೆ ಎದ್ದು ನಿಂತು ಹೆಂಡತಿಗೆ ಮಾತು ಕೊಟ್ಟರು.

ಹೆಸರು ಬದಲಾಯಿಸುವ ಕೆಲಸವನ್ನು ಕಾರ್ಖಾನೆಯವರು ಎಂಟು ವರ್ಷದ ಹಿಂದೆಯೇ ಮುಗಿಸಿದ್ದರು. ಸ್ವಿಚ್ಚು, ಪ್ಲಗ್ಗು ತಯಾರಿಸುವ ಆ ಕಾರ್ಖಾನೆಯಲ್ಲಿ ಅವರ ಉದ್ಯೋಗವೆಂದರೆ ಸ್ಟಾಪ್‌ವಾಚ್ ಹಿಡಿದು ಕೆಲಸಗಾರರ ಬೆನ್ನ ಹಿಂದೆ ನಿಲ್ಲುವುದು. ಒಂದು ಸ್ಕ್ರೂ ತಿರುಗಿಸಲು ಒಂಬತ್ತು ಸೆಕೆಂಡು ಸಾಕೋ, ಹನ್ನೊಂದು ಬೇಕೋ ಎಂದು ತೀರ್ಪು ಕೊಡುವುದು. ಅವರು ಒಂಬತ್ತು ಎಂದರೆ ಒಂಬತ್ತು. ಹತ್ತನೆಯ ಸೆಕೆಂಡಿನಲ್ಲಿ ಮೂಗು ತುರಿಸಿದರೆ ಅದು ಕೆಲಸಗಾರನ ಸ್ವಂತ ಜವಾಬ್ದಾರಿ. ಹೀಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಸಿರಾಡುತ್ತಿತ್ತು. ಉಳಿದೆಲ್ಲ ಕಡೆ ಅವರು ಗಡಿಯಾರಪ್ಪನವರು.

ಮಾತು ಕೊಡಬೇಕಾದ ಪರಿಸ್ಥಿತಿಯೂ ಬಂದಿತ್ತು. ಹೆಂಡತಿ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತೆ. ಇನ್ನು ಏಳು ವಾರಕ್ಕೆ ಇಲಾಖೆಯ ಪರೀಕ್ಷೆ. ಪಾಸಾದರೆ ವಿಭಾಗದ ಮುಖ್ಯಸ್ಥೆಯ ಕುರ್ಚಿ. ನಪಾಸಾದರೆ, ಅವಳೇ ಕೈ ಹಿಡಿದು ಫೈಲು ಕಟ್ಟುವುದನ್ನು ಕಲಿಸಿದ ಹುಡುಗನೊಬ್ಬ ಆ ಕುರ್ಚಿಯಲ್ಲಿ ಕುಳಿತು "ಮೇಡಂ, ಆ ಫೈಲು ಸ್ವಲ್ಪ ತನ್ನಿ" ಎನ್ನುವವನಿದ್ದ. ಮೂರು ಸಲಕ್ಕಿಂತ ಹೆಚ್ಚು ಬರೆಯುವಂತಿರಲಿಲ್ಲ. ಇದು ಮೂರನೆಯ ಸಲ. ಕಳೆದ ಸಲ ನಾಲ್ಕೇ ಅಂಕದಲ್ಲಿ ಹೋಗಿತ್ತು. 'ಹಂಗಾಮಿ ನೌಕರನು' ಎಂದು ಶುರುವಾಗುವ ನಿಯಮವೊಂದರ ಬಾಲ ಅವಳಿಗೆ ಪರೀಕ್ಷೆಯ ಕೋಣೆಯಲ್ಲಿ ನೆನಪಾಗಲೇ ಇಲ್ಲ. ಕಾರಣ ಸರಳ. ನಿಯಮದ ತಲೆಯನ್ನು ಅವಳು ಪಾತ್ರೆ ತಿಕ್ಕುತ್ತ ಓದಿದ್ದಳು. ಬಾಲಕ್ಕೆ ಬರುವಷ್ಟರಲ್ಲಿ ಕುಕ್ಕರ್ ಕೂಗಿತ್ತು.

"ಅಡುಗೆ ನಾನು ಹೇಗೋ ಮಾಡ್ಕೋತೀನಿ. ಬೆಳಿಗ್ಗೆ ಎರಡು ಗಂಟೆ ನನಗೇ ಅಂತ ಸಿಕ್ಕಿದ್ರೆ ಸಾಕು ಕಣ್ರೀ" ಎಂದಿದ್ದಳು ಅವಳು. ಮನೆಯಲ್ಲಿ ಇನ್ನು ಯಾರ ಕೈಗೆ ಪೊರಕೆ ಕೊಡುವುದು? ಪಾತ್ರೆಗಳ ಸಂಖ್ಯೆ ಹೆಚ್ಚಿಸುವುದಕ್ಕೆಂದೇ ಹುಟ್ಟಿದ ಮಕ್ಕಳಿಬ್ಬರು ಏಳುತ್ತಿದ್ದುದೇ ಶಾಲೆಯ ಬಸ್ಸಿಗೆ ಹತ್ತು ನಿಮಿಷ ಇರುವಾಗ. ಹೆಂಡತಿಯ ತಾಯಿ ಮಂಡಿಯ ಆಪರೇಶನ್ ಮಾಡಿಸಿಕೊಂಡು, ಕಾಲು ನೀಡಿ ನಡುಮನೆಯ ಕುರ್ಚಿಯಲ್ಲಿ ಕುಳಿತಿದ್ದರು. ಬೆಳಗಿನ ಹೊತ್ತಿಗೆ ಕೆಲಸದವರೊಬ್ಬರು ಬೇಕೇ ಬೇಕಿತ್ತು.

ಮೂರನೆಯ ದಿನಕ್ಕೇ ಒಬ್ಬಾಕೆ ಬಂದರು. ಅದೇ ಕಟ್ಟಡದಲ್ಲಿ ಮೂರು ಮನೆಗಳ ಕೆಲಸ ಮಾಡುತ್ತಿದ್ದುದರಿಂದ ಎಲ್ಲರೂ ಆಕೆಯನ್ನು ಮೂರು ಮನೆ ಅಮ್ಮ ಎಂದೇ ಕರೆಯುತ್ತಿದ್ದರು. ಆಕೆ ಚಪ್ಪಲಿ ಬಿಟ್ಟು ಒಳಗೆ ಬಂದು, ಒಂದು ಸುತ್ತು ಹಾಕಿ, ಸಿಂಕಿನೊಳಗೆ ಒಮ್ಮೆ ಇಣುಕಿ, ವಾಪಸು ಬಂದರು.

"ಎರಡೂವರೆ ಗಂಟೆ ಹಿಡಿಯುತ್ತೆ ಸಾರ್."

"ಹೇಗೆ ಹೇಳ್ತೀರಿ? ನೀವು ಮನೆ ನೋಡಿದ್ದೇ ಎರಡು ನಿಮಿಷ."

"ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಸಾರ್. ಎರಡು ನಿಮಿಷ ಜಾಸ್ತಿನೇ ಆಯ್ತು."

"ಇದು ಒಂದೂವರೆ ಗಂಟೆ ಕೆಲಸ ಅಮ್ಮಾ. ಅದರ ಮೇಲೆ ಒಂದು ನಿಮಿಷ ಇಲ್ಲ."

"ಹಾಗಾದ್ರೆ ಒಂದೂವರೆ ಗಂಟೇಲಿ ಮಾಡೋರನ್ನೇ ಕರ್ಕೊಳ್ಳಿ."

ಹೆಂಡತಿ ಹಿಂದಿನಿಂದ ಅಂಗಿ ಜಗ್ಗಿದಳು. "ರೀ, ಅವರು ಎರಡೂವರೆ ಅಂದ್ರೆ ಎರಡೂವರೆ. ಹೂಂ ಅನ್ನಿ."

"ಅಂದಾಜಿಗೆ ಹೂಂ ಅಂದ್ರೆ ನಾಳೆ ಕಾರ್ಖಾನೇಲಿ ಯಾವ ಮುಖ ಹೊತ್ಕೊಂಡು ನಿಂತ್ಕೊಳ್ಲಿ? ನಾನು ಅಳೆದು ಹೇಳ್ತೀನಿ. ಸೋಮವಾರ ಬನ್ನಿ ಅಮ್ಮಾ."

"ಆಯ್ತು ಸಾರ್" ಎಂದು ಮೂರು ಮನೆ ಅಮ್ಮ ಚಪ್ಪಲಿ ಮೆಟ್ಟಿದರು. "ಪಾತ್ರೆಗೂ ಒಂದು ಮಾತು ಹೇಳಿಡಿ, ಸೋಮವಾರದ ತನಕ ಕಾಯ್ಕೊಂಡಿರು ಅಂತ."

ಅಳೆಯಬೇಕಾದರೆ ಯಾರಾದರೂ ಕೆಲಸ ಮಾಡಬೇಕಲ್ಲ. ಮರುದಿನ ಬೆಳಿಗ್ಗೆ ಗಡಿಯಾರಪ್ಪನವರು ಸ್ಟಾಪ್‌ವಾಚ್ ಹಿಡಿದು ಹೆಂಡತಿಯ ಹಿಂದೆ ನಿಂತರು.

"ನೀವು ಅದನ್ನ ಹಿಡ್ಕೊಂಡು ನನ್ನ ಬೆನ್ನ ಹಿಂದೆ ನಿಂತ್ರೆ, ನಾನು ಸೌಟು ಹಿಡ್ಕೊಂಡು ನಿಮ್ಮ ಎದುರಿಗೆ ನಿಲ್ತೀನಿ" ಎಂದಳು ಆಕೆ. ಎಂಟು ವರ್ಷದಲ್ಲಿ ಯಾವ ಕಾರ್ಮಿಕನೂ ಮುಂದಿಡದ ಬೇಡಿಕೆ ಇದು. ಆಡಳಿತ ಮಂಡಳಿ ಕೂಡಲೇ ಮಣಿಯಿತು.

ಹೀಗಾಗಿ ಪೊರಕೆ ಅವರ ಕೈಗೇ ಬಂತು. ಕೆಲಸ ಮಾಡುವವನೇ ತನ್ನ ವೇಳೆ ತಾನು ಬರೆದುಕೊಂಡರೆ ಅದು ಮೋಸಕ್ಕೆ ದಾರಿ ಎಂದು ಅವರೇ ಕಾರ್ಖಾನೆಯಲ್ಲಿ ಸುತ್ತೋಲೆ ಹೊರಡಿಸಿದ್ದರಿಂದ, ಸ್ಟಾಪ್‌ವಾಚನ್ನು ಅತ್ತೆಯ ಕೈಗೆ ಕೊಟ್ಟು, ಪಕ್ಕದಲ್ಲಿ ಒಂದು ರಿಜಿಸ್ಟರು ಇಟ್ಟರು. ಅತ್ತೆಯ ಮಂಡಿ ಕೆಟ್ಟಿತ್ತೇ ಹೊರತು ಕಣ್ಣು ಹದ್ದಿನದು. ಅಳಿಯನನ್ನು ಅಧಿಕೃತವಾಗಿ ದಿಟ್ಟಿಸಿ ನೋಡುವ ಅವಕಾಶ ಅವರಿಗೆ ಹದಿನೇಳು ವರ್ಷದಲ್ಲಿ ಸಿಕ್ಕಿರಲಿಲ್ಲ.

ಮೊದಲ ದಿನ ನಾಲ್ಕು ಗಂಟೆ ಹತ್ತು ನಿಮಿಷ ಹಿಡಿಯಿತು. ಅದರಲ್ಲಿ ಪಾತ್ರೆಯದೇ ಒಂದು ಗಂಟೆ ಇಪ್ಪತ್ತೆರಡು ನಿಮಿಷ. ಸಿಂಕಿನ ಕೊಳವೆಯೊಳಗೆ ಇಳಿದುಹೋದ ಚಮಚವನ್ನು ಬೇಟೆಯಾಡಿದ ಸಮಯ ಇದರಲ್ಲೇ ಸೇರಿತ್ತು.

"ಅಳಿಯಂದಿರು ಸೊಂಟ ಹಿಡ್ಕೊಂಡು ನಿಂತ್ರು" ಎಂದು ಅತ್ತೆ ಕುರ್ಚಿಯಿಂದ ಗಟ್ಟಿಯಾಗಿ ಓದಿದರು. "ನಾಲ್ಕು ನಿಮಿಷ. ಇದನ್ನ ಯಾವ ಲೆಕ್ಕಕ್ಕೆ ಹಾಕ್ಲಿ?"

"ಅದು... ಅದನ್ನ ಬೇರೆ ಬರೀರಿ ಅತ್ತೆ."

ಅತ್ತೆ ಹೊಸದೊಂದು ಗೆರೆ ಎಳೆದು, ಮೇಲೆ ದಪ್ಪಕ್ಷರದಲ್ಲಿ 'ಬೆನ್ನು' ಎಂದು ಬರೆದರು.

ಸೋಮವಾರ ಮೂರು ಮನೆ ಅಮ್ಮ ಬಂದಾಗ ಗಡಿಯಾರಪ್ಪನವರು ಮಂಡಿಯೂರಿ ಮೇಜಿನ ಕೆಳಗೆ ಗುಡಿಸುತ್ತಿದ್ದರು. ಅಲ್ಲಿಂದಲೇ ವಿವರಿಸಿದರು: ಹೊಸಬನ ವೇಳೆ ಲೆಕ್ಕಕ್ಕಿಲ್ಲ, ಕೈ ಪಳಗಬೇಕು, ವೇಳೆ ಇಳಿದು ಇಳಿದು ಒಂದು ಕಡೆ ನಿಲ್ಲಬೇಕು, ನಿಂತದ್ದೇ ಅಧಿಕೃತ ವೇಳೆ. ಇವತ್ತು ಮೂರು ಗಂಟೆ ಹತ್ತಿರ ಇದೆ. ಇನ್ನೊಂದು ವಾರ ಬೇಕು.

ಆಕೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. "ಸಾರ್, ನೆಲ ಒರೆಸುವಾಗ ಮುಂದಕ್ಕೆ ಹೋಗ್ತೀರಾ?"

"ಹೌದು."

"ಅದಕ್ಕೇ. ಒರೆಸಿದ ಕಡೆಯೆಲ್ಲ ನಿಮ್ಮ ಕಾಲಿನ ಗುರುತು. ಹಿಂದೆ ಹಿಂದೆ ಬನ್ನಿ."

ತಜ್ಞರ ಸಲಹೆ. ಮರುದಿನ ಅವರು ಒಳಕೋಣೆಯಿಂದ ಶುರು ಮಾಡಿ, ಒರೆಸುವ ಕೋಲು ಹಿಡಿದು, ಹಿಂದೆ ಹಿಂದೆ ಬಂದರು. ಕೋಣೆ ಹೊಳೆಯಿತು. ನಡುಮನೆ ಹೊಳೆಯಿತು. ಆ ಹೊಳಪನ್ನೇ ನೋಡುತ್ತ, ರಾಜನ ಮುಂದಿನಿಂದ ಹಿಂದೆ ಸರಿಯುವ ಮಂತ್ರಿಯ ಹಾಗೆ ಸರಿಯುತ್ತ ಸರಿಯುತ್ತ, ತೆರೆದಿದ್ದ ಮುಂಬಾಗಿಲನ್ನೂ ದಾಟಿ ಮೆಟ್ಟಿಲ ಮೊಗಸಾಲೆಗೆ ಬಂದರು. ಗಾಳಿಗೆ ಬಾಗಿಲು ಮುಚ್ಚಿಕೊಂಡಿತು. ಕೀಲಿ ಇಲ್ಲದಿದ್ದರೆ ಒಳಗಿನಿಂದ ಮಾತ್ರ ತೆರೆಯುವ ಬಾಗಿಲು.

ಮೈಮೇಲೆ ತೂತುಬಿದ್ದ ಬನಿಯನ್ನು, ಮಂಡಿಯ ತನಕ ಮಡಚಿದ ಪೈಜಾಮ. ಕೈಯಲ್ಲಿ ಒರೆಸುವ ಕೋಲು. ಹೆಂಡತಿ ಕಿವಿಗೆ ಹತ್ತಿ ಇಟ್ಟುಕೊಂಡು ಓದುತ್ತಿದ್ದಳು. ಮಕ್ಕಳು ಬಸ್ಸು ಹತ್ತಿ ಹೋಗಿದ್ದರು. ಉಳಿದವರು ಅತ್ತೆ.

"ಅತ್ತೆ, ಬಾಗಿಲು ತೆಗೀರಿ."

"ಎದ್ದೆ, ಎದ್ದೆ. ಗಡಿಯಾರ ನಿಲ್ಲಿಸಲಾ, ಓಡ್ತಾ ಇರಲಾ?"

"ನಿಲ್ಸಿ ಅತ್ತೆ."

"ಯಾವ ಗುಂಡಿ? ಕೆಂಪೋ, ಕಪ್ಪೋ?"

ಕುರ್ಚಿಯಿಂದ ಬಾಗಿಲಿಗೆ ಅತ್ತೆಯ ಹೊಸ ಮಂಡಿಯ ವೇಗದಲ್ಲಿ ಹನ್ನೊಂದು ನಿಮಿಷ. ಅಷ್ಟರಲ್ಲಿ ಎದುರು ಮನೆಯ ಬಾಗಿಲು ತೆರೆಯಿತು. ಆ ಮನೆಯ ಯಜಮಾನತಿ ಇವರನ್ನು ತಲೆಯಿಂದ ಪಾದದ ತನಕ ನೋಡಿದರು. ಹೊಸದಾಗಿ ಬಂದವರು; ಇವರ ಮುಖದ ಪರಿಚಯ ಇರಲಿಲ್ಲ.

"ಈ ಮನೆಗೆ ನೀವಾ ಬರೋದು? ಚೆನ್ನಾಗಿ ಒರೆಸ್ತೀರಿ. ನಮ್ಮ ಬಾಗಿಲ ಮುಂದೂ ಒಂದು ಕೈ ಹಾಕಿಬಿಡಿ."

ನಾನು ಈ ಮನೆಯ ಯಜಮಾನ ಎನ್ನಲು ಗಡಿಯಾರಪ್ಪನವರು ಬಾಯಿ ತೆರೆದರು. ತಮ್ಮ ಬನಿಯನ್ನಿನ ತೂತು ಕಣ್ಣಿಗೆ ಬಿತ್ತು. ಬಾಯಿ ಮುಚ್ಚಿ, ಎದುರು ಮನೆಯ ಮುಂದೂ ಒಂದು ಕೈ ಹಾಕಿದರು.

ಮೂರನೆಯ ವಾರಕ್ಕೆ ವೇಳೆ ಎರಡು ಗಂಟೆ ನಲವತ್ತು ನಿಮಿಷಕ್ಕೆ ಇಳಿದಿತ್ತು. ಈಗ ಬಿಟ್ಟರೆ ಮೂರು ಮನೆ ಅಮ್ಮನೇ ಗೆದ್ದ ಹಾಗೆ. ಇನ್ನೊಂದು ವಾರ ಎಂದರು. ಅದು ಮುಗಿದ ಮೇಲೆ ಇನ್ನೊಂದು. ಐದನೆಯ ವಾರ ಆಕೆ ಬಾಗಿಲಲ್ಲೇ ನಿಂತು, "ನಿಮ್ಮ ಅಳತೆ ಮುಗಿಯೋ ತನಕ ನಾನು ಎದುರು ಮನೆ ಹಿಡ್ಕೊಂಡಿದ್ದೀನಿ ಸಾರ್" ಎಂದು ಹೇಳಿ ಹೋದರು. ಈಗ ಆಕೆ ನಾಲ್ಕು ಮನೆ ಅಮ್ಮ.

ಆ ಹೊತ್ತಿಗೆ ಕಾರ್ಖಾನೆಯಲ್ಲೂ ಒಂದು ಬದಲಾವಣೆ ಆಗಿತ್ತು. ದಿನವಿಡೀ ಬಗ್ಗಿ ಡಬ್ಬಿ ಕಟ್ಟುವ ಪ್ಯಾಕಿಂಗ್ ವಿಭಾಗದ ಹೆಂಗಸರು, ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಗಂಟೆಗೆ ನಾಲ್ಕು ನಿಮಿಷ ಕೊಡಿ ಎಂದು ಎರಡು ವರ್ಷದ ಹಿಂದೆ ಅರ್ಜಿ ಕೊಟ್ಟಿದ್ದರು. 'ಬೆನ್ನು ಉತ್ಪಾದನೆಯ ಭಾಗವಲ್ಲ' ಎಂದು ಬರೆದು ಗಡಿಯಾರಪ್ಪನವರು ವಾಪಸು ಕಳಿಸಿದ್ದರು. ಒಂದು ಮಧ್ಯಾಹ್ನ ಅವರೇ ಆ ಅರ್ಜಿ ಹುಡುಕಿಸಿ ತರಿಸಿ, ನಾಲ್ಕನ್ನು ಹೊಡೆದು ಐದು ಮಾಡಿ, ಸಹಿ ಹಾಕಿದರು. ವಿಭಾಗದ ಮೇಸ್ತ್ರಿ ಕಾಗದವನ್ನು ಎರಡೂ ಕಡೆ ತಿರುಗಿಸಿ ನೋಡಿದ.

"ಏನ್ಸಾರ್, ಇದ್ದಕ್ಕಿದ್ದ ಹಾಗೆ?"

"ಅಳತೆ ಮಾಡಿ ನೋಡಿದೆ."

"ಎಲ್ಲಿ ಸಾರ್? ನಮ್ಮಲ್ಲಿಗೆ ನೀವು ಬರ್ಲೇ ಇಲ್ಲ."

"ಬೇರೆ ಒಂದು ಸಣ್ಣ ಘಟಕದಲ್ಲಿ" ಎಂದು ಗಡಿಯಾರಪ್ಪನವರು ಸೊಂಟ ಹಿಡಿದುಕೊಂಡು ಎದ್ದರು.

ಮನೆಯಲ್ಲಿ ಗೋಡೆಯಾಚೆಯಿಂದ ದಿನವೂ ಹೆಂಡತಿಯ ದನಿ ಕೇಳುತ್ತಿತ್ತು. "ಹಂಗಾಮಿ ನೌಕರನು, ಹಂಗಾಮಿ ನೌಕರನು..." ಅಷ್ಟು ಕೇಳುವಾಗ ನಲ್ಲಿಯ ಸದ್ದು ಅಡ್ಡ ಬಂದು, ಮುಂದಿನದು ಅವರ ಕಿವಿಗೆ ಬೀಳುತ್ತಿರಲಿಲ್ಲ. ಅವಳು ಮಾತ್ರ ಏಳೂ ವಾರ ಒಂದು ದಿನವೂ ಅವರನ್ನು ತಡೆಯಲಿಲ್ಲ, "ಕೆಲಸದವರು ಎಲ್ಲಿ?" ಎಂದು ಕೇಳಲಿಲ್ಲ. ಪರೀಕ್ಷೆ ಬರೆದು ಬಂದವಳು ಬ್ಯಾಗನ್ನು ಕುರ್ಚಿಗೆ ಹಾಕಿ, "ಬಾಲ ನೆನಪಿಗೆ ಬಂತು ಕಣ್ರೀ" ಎಂದಷ್ಟೇ ಹೇಳಿದಳು. ಗಡಿಯಾರಪ್ಪನವರಿಗೆ ಅದನ್ನು ವಿಚಾರಿಸುವ ಪುರುಸೊತ್ತು ಇರಲಿಲ್ಲ. ಅವರು ಒಂದು ಗಂಟೆ ಮೂವತ್ತೇಳು ನಿಮಿಷಕ್ಕೆ ಬಂದು ಮುಟ್ಟಿದ್ದರು.

ಹತ್ತು ದಿನ ಕಳೆದು ಫಲಿತಾಂಶ ಬಂತು. ಕುರ್ಚಿ ಅವಳದಾಯಿತು. ಮಾರನೆಯ ದಿನ ಭಾನುವಾರ. ಗಡಿಯಾರಪ್ಪನವರು ಕೊನೆಯ ಲೋಟ ಮಗುಚಿ ಇಟ್ಟು ಕೈ ಎತ್ತಿದಾಗ ಅತ್ತೆ ಗುಂಡಿ ಒತ್ತಿ ಓದಿದರು. "ಒಂದು ಗಂಟೆ ಇಪ್ಪತ್ತೊಂಬತ್ತು ನಿಮಿಷ. ಬೆನ್ನಿಂದೂ ಸೇರಿ."

ಕೈ ಒರೆಸಿಕೊಳ್ಳುವ ಮೊದಲೇ ಅವರು ಎದುರು ಮನೆಯಿಂದ ನಾಲ್ಕು ಮನೆ ಅಮ್ಮನನ್ನು ಕರೆತಂದರು. ರಿಜಿಸ್ಟರಿನ ಪುಟಗಳನ್ನು ಒಂದೊಂದಾಗಿ ತಿರುಗಿಸಿ ತೋರಿಸಿದರು. "ನೋಡಿ ಅಮ್ಮಾ. ಎರಡೂವರೆ ಅಂದಿದ್ರಿ. ನಾನು ಒಂದೂವರೆ ಅಂದಿದ್ದೆ. ಒಂದು ನಿಮಿಷ ಮಿಕ್ಕಿದೆ."

ಆಕೆ ಪಟ್ಟಿಯ ಮೇಲೆ ಬೆರಳಿಟ್ಟು ನಿಧಾನವಾಗಿ ಕೆಳಗಿಳಿದರು. ಗುಡಿಸುವುದು, ಒರೆಸುವುದು, ಪಾತ್ರೆ, ಬಟ್ಟೆ, ಬೆನ್ನು. ಬೆರಳು ಅಲ್ಲಿಗೆ ನಿಂತಿತು.

"ಬಾತ್‌ರೂಮು ಎಲ್ಲಿ ಸಾರ್?"

"ಅಲ್ಲೇ, ಬಲಗಡೆ."

"ಬಾತ್‌ರೂಮು ಅಲ್ಲಿದೆ ಸಾರ್. ಪಟ್ಟೀಲಿ ಎಲ್ಲಿ?"

ಗಡಿಯಾರಪ್ಪನವರು ಪಟ್ಟಿ ನೋಡಿದರು. ಬಾತ್‌ರೂಮಿನಲ್ಲಿ ದಿನವೂ ಅಷ್ಟು ನೀರು ಬೀಳುತ್ತದೆ, ಅದು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ ಎಂದು ಅವರು ಮದುವೆಯಾದ ದಿನದಿಂದ ನಂಬಿಕೊಂಡು ಬಂದಿದ್ದರು.

"ಒಲೆ, ಕಿಟಕಿ, ಫ್ಯಾನು ಯಾವುದೂ ಇಲ್ಲ" ಎಂದು ಆಕೆ ಮೃದುವಾಗಿ ಹೇಳಿದರು. "ಅವೆಲ್ಲ ಸೇರಿಸಿ ನಾನು ಎರಡೂವರೆ ಅಂದಿದ್ದೆ ಸಾರ್."

"ಇಷ್ಟು ದಿನ ಬಾತ್‌ರೂಮು ಯಾರು ತೊಳೀತಿದ್ರು?" ಎಂದು ಅವರು ಹೆಂಡತಿಯ ಕಡೆ ತಿರುಗಿದರು.

"ಓದಿ ಓದಿ ತಲೆ ಬಿಸಿ ಆದಾಗ ನಾನೇ. ನಿಮಗೆ ಹೇಳಿದ್ರೆ ಮತ್ತೆ ಮೊದಲಿಂದ ಅಳೀತಾ ಕೂತ್ಕೋತೀರಿ ಅಂತ ಸುಮ್ನಿದ್ದೆ."

ಸೋಲನ್ನು ಒಪ್ಪಿಕೊಳ್ಳುವುದೂ ಒಂದು ದೊಡ್ಡತನ. ಗಡಿಯಾರಪ್ಪನವರು ರಿಜಿಸ್ಟರನ್ನು ಅತ್ತೆಯ ಮಡಿಲಿಗೆ ಹಿಂದಿರುಗಿಸಿ, "ಆಯ್ತು ಅಮ್ಮಾ. ಎರಡೂವರೆನೇ. ನಾಳೆಯಿಂದ ಬನ್ನಿ" ಎಂದರು.

"ನನಗೆಲ್ಲಿ ಬಿಡುವು ಸಾರ್? ನಾಲ್ಕು ಮನೆ ಆಗೋಯ್ತು." ಆಕೆ ಹೊಸ್ತಿಲಲ್ಲಿ ತಿರುಗಿ ನಿಂತರು. "ಮರೆತಿದ್ದೆ. ಎದುರು ಮನೆ ಅಕ್ಕ ಅವರ ತಂಗಿ ಮನೆಗೆ ಯಾರಾದ್ರೂ ಬೇಕು ಅಂತಿದ್ರು. ಆ ಬನಿಯನ್ನಿನೋರು ಇನ್ನೊಂದು ಮನೆ ಹಿಡೀತಾರಾ ಕೇಳು ಅಂದ್ರು. ಏನಂತ ಹೇಳ್ಲಿ?"

ಆಕೆ ಹೋದ ಮೇಲೆ ಗಡಿಯಾರಪ್ಪನವರು ಹೆಂಡತಿಯ ಎದುರು ಕುಳಿತರು. "ಇರಲಿ ಬಿಡು. ಬೇರೆ ಯಾರನ್ನಾದ್ರೂ ನೋಡೋಣ. ಪರೀಕ್ಷೆ ಮುಗೀತು, ನೀನೂ ಗೆದ್ದೆ. ನಂದು ಹೇಗೂ ತಾತ್ಕಾಲಿಕವಾಗಿ ಹಿಡಿದ ಕೆಲಸ."

ಹೆಂಡತಿ ತನ್ನ ತಾಯಿಯ ಮಡಿಲಿನಿಂದ ರಿಜಿಸ್ಟರು ತೆಗೆದುಕೊಂಡು ಮೊದಲ ಪುಟದಿಂದ ಕೊನೆಯ ಪುಟದ ತನಕ ಎಣಿಸಿದಳು. ಕನ್ನಡಕ ಸರಿಮಾಡಿಕೊಂಡಳು. ವಿಭಾಗದ ಮುಖ್ಯಸ್ಥೆಯ ದನಿಯಲ್ಲಿ, ಒಂದಕ್ಷರ ತಪ್ಪದೆ ಹೇಳಿದಳು:

"ಹಂಗಾಮಿ ನೌಕರನು ಒಂದೇ ಹುದ್ದೆಯಲ್ಲಿ ನಲವತ್ತೈದು ದಿನ ಎಡೆಬಿಡದೆ ದುಡಿದಿದ್ದಲ್ಲಿ, ಸದರಿಯವನನ್ನು ಆ ಹುದ್ದೆಯಲ್ಲಿ ಕಾಯಂ ಎಂದು ಪರಿಗಣಿಸತಕ್ಕದ್ದು." ರಿಜಿಸ್ಟರು ಮುಚ್ಚಿದಳು. "ನಿಮ್ಮದು ಐವತ್ತೆಂಟು ಆಗಿದೆ. ಒಂದೇ ಒಂದು ರಜಾ ಇಲ್ಲ."

ಅತ್ತೆ ಸ್ಟಾಪ್‌ವಾಚನ್ನು ಸೊನ್ನೆಗೆ ತಂದು ಸಿದ್ಧವಾಗಿ ಹಿಡಿದುಕೊಂಡರು. ಗಡಿಯಾರಪ್ಪನವರು ಎದ್ದರು.

ಬಾತ್‌ರೂಮಿಗೆ ಮೊದಲ ದಿನ ಐವತ್ತೆರಡು ನಿಮಿಷ ಹಿಡಿಯಿತು. ಬೆನ್ನಿನದು ಬೇರೆ.